ದೇವಾನಾಂಪ್ರಿಯನ ಅನುತಾಪ

ಯುದ್ಧದಲ್ಲಿ ಗೆದ್ದ ವೀರನು ಗೆಲುವಿನ ಮರುಕ್ಷಣದಲ್ಲಿಯೇ ಪಶ್ಚಾತ್ತಾಪದಿಂದ ಬೆಂದು ಬೇರೊಬ್ಬ ಮನುಷ್ಯನಾಗುವ ಕಥೆಯು ಎಲ್ಲ ದೇಶಗಳ ಜನರಿಗೂ ಪ್ರಿಯವಾದುದು. ನಮ್ಮ ದೇಶದ ನಾಟಕಕಾರರಿಗೂ ಚಲಚ್ಚಿತ್ರಕಾರರಿಗೂ ಇಂತಹ ಕಥಾವಸ್ತುವು ಅಶೋಕ ಮಹಾರಾಜನ ಚರಿತ್ರೆಯಲ್ಲಿ ಸಿದ್ಧವಾಗಿಯೇ ದೊರೆಯುವುದು. 2001ನೆಯ ಇಸವಿಯಲ್ಲಿ ಸಂತೋಷ್ ಶಿವನ್ ಎಂಬ ನಿರ್ದೇಶಕರು ಹಿಂದೀ ಭಾಷೆಯಲ್ಲಿ ತೆರೆಗೆ ತಂದ ‘ಅಶೋಕ’ ಎಂಬ ಚಲಚ್ಚಿತ್ರವು ಈ ಬಗೆಯದು. ಅದರಲ್ಲಿ ಶಾರುಖ್ ಖಾನರು ಅಶೋಕನ ಪಾತ್ರವನ್ನೂ ಕರೀನಾ ಕಪೂರರು ಕಳಿಂಗದ ರಾಜಕುಮಾರಿಯಾದ ಕೌರ್ವಕಿಯ ಪಾತ್ರವನ್ನೂ ವಹಿಸಿದರು. ಪ್ರಣಯ, ವಿರಹ, ಭ್ರಾತೃವೈರ ಇವುಗಳ ದಾರಿಯಲ್ಲಿ ಸಾಗಿ ಕಥೆಯು ಕಡೆಗೆ ಕಳಿಂಗದ ರಣರಂಗವನ್ನು ಮುಟ್ಟುತ್ತದೆ, ಅಲ್ಲಿ ಅರಸನ ಎದೆಯು ಕರಗುತ್ತದೆ, ಕಥೆಯು ಮುಗಿಯುತ್ತದೆ. ಪ್ರೇಕ್ಷಕರು ಕಣ್ಣೊರಸಿಕೊಂಡು ಮನೆಗೆ ಹೊರಡುತ್ತಾರೆ.

ಇಂತಹ ಚಿತ್ರವನ್ನು ಇತಿಹಾಸವೆಂದು ಯಾರೂ ಭ್ರಮಿಸಬೇಕಾಗಿಲ್ಲ. ಕಾವ್ಯಕ್ಕೆ ಸಲ್ಲುವ ಸ್ವಾತಂತ್ರ್ಯವು ಅದಕ್ಕೂ ಸಲ್ಲತಕ್ಕದ್ದೇ. ಕಥಾನಾಯಿಕೆಯ ವಿಷಯವನ್ನೇ ನೋಡಬಹುದು. ಪ್ರಯಾಗದ ಶಿಲಾಸ್ತಂಭದ ಮೇಲೆ ಅಶೋಕನ ಎರಡನೆಯ ರಾಣಿಯು ಕೊಟ್ಟ ಮಾವಿನ ತೋಪು, ಉದ್ಯಾನ, ದಾನಶಾಲೆ ಮುಂತಾದವುಗಳನ್ನು ಅವಳ ಹೆಸರಿನಲ್ಲಿಯೇ ಲೆಕ್ಕಕ್ಕೆ ಬರೆಯಬೇಕೆಂಬ ಒಂದು ಚಿಕ್ಕ ಅಪ್ಪಣೆಯುಂಟು. ಅವಳು ತೀವರನ ತಾಯಿ, ಹೆಸರು ಕಾರುವಾಕಿ. ಶಾಸನಗಳಲ್ಲಿ ಹೆಸರು ದೊರೆಯುವ ಅಶೋಕನ ರಾಣಿ ಇವಳೊಬ್ಬಳೇ. ಈ ಎರಡು ಸಾಲಿನ ಮಾತಿನಿಂದ ಒಂದು ಪ್ರಣಯಕಥೆಯನ್ನು ಕಟ್ಟಿದುದು ಕವಿಯ ಅಧಿಕಾರಕ್ಕೆ ಸೇರಿದ್ದು. ಅದರಲ್ಲಿ ಆಕ್ಷೇಪವಿಲ್ಲ. ಆಕ್ಷೇಪಿಸಬೇಕಾದುದು ಬೇರೊಂದುಂಟು. ರಣರಂಗದಲ್ಲಿ ಕಣ್ಣೀರು ಸುರಿದೊಡನೆಯೇ ಕಥೆಯು ಮುಗಿಯಿತೆಂದು ತೆರೆಯನ್ನೆಳೆಯುವುದರಿಂದ, ಅನುತಾಪವೆಂದರೆ ಒಂದು ಸಂಜೆಯ ಕಾರ್ಯ ಎಂಬ ಭಾವನೆಯು ಜನರಲ್ಲಿ ಬೇರೂರುತ್ತದೆ. ಕಳಿಂಗಯುದ್ಧವಾದ ಮೇಲೆ ಅಶೋಕನು ಸುಮಾರು ಮೂವತ್ತು ವರ್ಷ ರಾಜ್ಯವಾಳಿದನು. ಆ ಅವಧಿಯಲ್ಲಿ ಅವನ ಅನುತಾಪವು ಏನಾಯಿತು, ಏನನ್ನು ಮಾಡಿತು, ಏನನ್ನು ಮಾಡದೆ ಬಿಟ್ಟಿತು ಎಂಬುದೇ ಇತಿಹಾಸದ ಪ್ರಶ್ನೆ. ಅದಕ್ಕೆ ಉತ್ತರವನ್ನು ಅವನು ಕೊರೆಯಿಸಿದ ಕಲ್ಲುಗಳಲ್ಲಿಯೇ ಹುಡುಕಬೇಕು.

ಕಲ್ಲುಗಳಲ್ಲಿಯೇ ಏಕೆಂದರೆ ಪುಸ್ತಕಗಳಲ್ಲಿ ಅದು ಇಲ್ಲ. ಸಿಂಹಳದ ದೀಪವಂಸ ಮಹಾವಂಸಗಳಲ್ಲಿಯೂ ಸಂಸ್ಕೃತದ ಅಶೋಕಾವದಾನದಲ್ಲಿಯೂ ಅಶೋಕನ ಕಥೆಯು ವಿಸ್ತಾರವಾಗಿಯೇ ಇದೆ. ಸಿಂಹಳದ ಗ್ರಂಥಗಳ ಪ್ರಕಾರ ಅವನು ತೊಂಬತ್ತೊಂಬತ್ತು ಮಂದಿ ಸಹೋದರರನ್ನು ಕೊಂದು ಪಟ್ಟವೇರಿದ ಚಂಡಾಶೋಕನು. ನಿಗ್ರೋಧನೆಂಬ ಬಾಲಶ್ರಮಣನ ಉಪದೇಶದಿಂದ ಧರ್ಮಾಶೋಕನಾದನು. ಅವದಾನದಲ್ಲಿಯಾದರೋ ಅವನು ನರಕದ ಮಾದರಿಯ ಒಂದು ಸೆರೆಮನೆಯನ್ನು ಕಟ್ಟಿಸಿ, ಅಲ್ಲಿ ಬೇಯದೆ ಉಳಿದ ಭಿಕ್ಷುವೊಬ್ಬನ ಮಹಿಮೆಯನ್ನು ಕಂಡು ಮನಸ್ಸು ತಿರುಗಿದನು. ಮತದ ಮಹಿಮೆಯನ್ನು ಬೆಳಗಿಸಲು ರಾಜನ ಪೂರ್ವವೃತ್ತಾಂತವನ್ನು ಕಪ್ಪಾಗಿ ಬಳಿಯುವುದು ಇಂತಹ ಕಥೆಗಳ ಪದ್ಧತಿ. ಶಾಸನಗಳಲ್ಲಿ ಅಶೋಕನು ತನ್ನ ಸಹೋದರ ಸಹೋದರಿಯರ ಮನೆವಾರ್ತೆಯನ್ನು ನೋಡಿಕೊಳ್ಳುವಂತೆ ಅಧಿಕಾರಿಗಳಿಗೆ ಹೇಳಿರುವುದನ್ನು ನೋಡಿದರೆ ತೊಂಬತ್ತೊಂಬತ್ತರ ಲೆಕ್ಕವು ನಿಲ್ಲಲಾರದು. ಆದರೆ ಇದೆಲ್ಲಕ್ಕಿಂತ ಆಶ್ಚರ್ಯವಾದ ಸಂಗತಿಯೊಂದುಂಟು. ಅಶೋಕನ ಪಾಪಗಳನ್ನು ಇಷ್ಟು ಉತ್ಸಾಹದಿಂದ ಎಣಿಸಿದ ಈ ಗ್ರಂಥಗಳು ಅವನ ಮನಸ್ಸು ತಿರುಗಿದ ಕಥೆಯಲ್ಲಿ ಕಳಿಂಗದ ಹೆಣಗಳನ್ನು ಎಣಿಸಲೇ ಇಲ್ಲ. ಆ ಯುದ್ಧವು ಅವುಗಳ ಲೆಕ್ಕಕ್ಕೆ ಬಂದಂತೆಯೇ ಕಾಣುವುದಿಲ್ಲ.

ಸಂಸ್ಕೃತ ಪಾಠಶಾಲೆಗಳಲ್ಲಂತೂ ಈ ರಾಜನ ಬಿರುದಿಗೆ ವಿಚಿತ್ರವಾದ ಗತಿಯೊದಗಿತು. ‘ದೇವಾನಾಂಪ್ರಿಯ’ ಎಂಬುದು ಅಶೋಕನು ತನ್ನನ್ನು ಕರೆದುಕೊಂಡ ಹೆಸರು. ಪತಂಜಲಿಯ ಮಹಾಭಾಷ್ಯದಲ್ಲಿ ಇದು ಇನ್ನೂ ಮರ್ಯಾದೆಯ ಸಂಬೋಧನೆಯಾಗಿಯೇ ಇದೆ. ಮುಂದೆ ಭಟ್ಟೋಜಿ ದೀಕ್ಷಿತನ ಸಿದ್ಧಾಂತಕೌಮುದಿಯ ಕಾಲಕ್ಕೆ ಬಂದರೆ ಅದೇ ಪದಕ್ಕೆ ಮೂರ್ಖನೆಂದು ಅರ್ಥ. ಅಲುಕ್ಸಮಾಸದ ಉದಾಹರಣೆಯಾಗಿ ಈ ಪದವನ್ನು ತಲೆಮಾರುಗಳ ವಿದ್ಯಾರ್ಥಿಗಳು ಬಾಯಿಪಾಠ ಮಾಡಿದರು. ಅದು ಒಬ್ಬ ಚಕ್ರವರ್ತಿಯ ಹೆಸರೆಂಬುದು ಹೇಳಿಕೊಡುವವರಿಗೂ ಗೊತ್ತಿರಲಿಲ್ಲ, ಕಲಿಯುವವರಿಗೂ ಗೊತ್ತಿರಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬ ಪಂಡಿತನು ಬ್ರಾಹ್ಮೀ ಲಿಪಿಯನ್ನು ಓದುವ ಬಗೆಯನ್ನು ಕಂಡುಕೊಂಡ ಮೇಲೆಯೇ ಬಂಡೆಗಳು ಬಾಯಿಬಿಟ್ಟುವು. ಆಗಲೂ ಅವುಗಳಲ್ಲಿ ದೊರೆತುದು ದೇವಾನಾಂಪ್ರಿಯ ಪ್ರಿಯದರ್ಶಿಯೆಂಬ ಬಿರುದೇ ಹೊರತು ಅಶೋಕನೆಂಬ ಹೆಸರಲ್ಲ; ಸಿಂಹಳದ ಗ್ರಂಥಗಳ ಸಹಾಯದಿಂದ ಇಬ್ಬರೂ ಒಬ್ಬನೇ ಎಂದು ಊಹಿಸಬೇಕಾಯಿತು. ಆ ಊಹೆಗೆ ಶಿಲಾಸಾಕ್ಷ್ಯವು ಸಿಕ್ಕಿದುದು ಕನ್ನಡ ನಾಡಿನಲ್ಲಿ. 1915ರಲ್ಲಿ ಚಿನ್ನದ ಗಣಿಯ ಶೋಧನೆಯಲ್ಲಿ ತೊಡಗಿದ್ದ ಬೀಡನ್ ಎಂಬ ಇಂಜಿನಿಯರನು ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯೊಂದರ ಮೇಲೆ ಕಂಡ ಬರೆಹದಲ್ಲಿ ದೇವಾನಾಂಪ್ರಿಯನ ಜೊತೆಗೆ ಅಶೋಕನೆಂಬ ಹೆಸರೂ ಸ್ಪಷ್ಟವಾಗಿ ಇತ್ತು.

ಕಳಿಂಗಯುದ್ಧದ ವಿಷಯವನ್ನು ಹೇಳುವುದು ಹದಿನಾಲ್ಕು ಬಂಡೆಶಾಸನಗಳ ಪೈಕಿ ಹದಿಮೂರನೆಯದು. ಪಟ್ಟಾಭಿಷೇಕವಾಗಿ ಎಂಟು ವರ್ಷಗಳಾಗಿದ್ದಾಗ, ಎಂದರೆ ಕ್ರಿಸ್ತಪೂರ್ವ 261ರ ಸುಮಾರಿಗೆ, ಅಶೋಕನು ಕಳಿಂಗವನ್ನು ಜಯಿಸಿದನು. ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಬೇರೆಡೆಗೆ ಸಾಗಿಸಲಾಯಿತು. ಒಂದು ಲಕ್ಷ ಜನರು ಕೊಲ್ಲಲ್ಪಟ್ಟರು. ಅದಕ್ಕೆ ಹಲವು ಪಟ್ಟು ಜನರು ಬೇರೆ ಬೇರೆಯಾಗಿ ಸತ್ತರು. ಈ ಲೆಕ್ಕವು ಅವನದೇ. ಲೆಕ್ಕವನ್ನು ಕೊಟ್ಟಮೇಲೆ ಅವನು ತನ್ನ ದುಃಖವನ್ನು ಹೇಳುವನು. ಅದಕ್ಕೆ ಒಂದು ಕಡೆಯ ಪಾಠದಲ್ಲಿ ‘ಅನುಶಯ’ವೆಂದೂ ಇನ್ನೊಂದು ಕಡೆಯ ಪಾಠದಲ್ಲಿ ‘ಅನುಶೋಚನ’ವೆಂದೂ ಸಲ್ಲುವ ಪ್ರಾಕೃತ ಪದಗಳಿವೆ. ಗಮನಿಸತಕ್ಕ ಅಂಶವೆಂದರೆ ಅವನ ದುಃಖವು ಸತ್ತವರ ಮಟ್ಟಿಗೆ ನಿಲ್ಲುವುದಿಲ್ಲ. ಆ ನಾಡಿನಲ್ಲಿ ಬ್ರಾಹ್ಮಣರೂ ಶ್ರಮಣರೂ ತಂದೆತಾಯಿಗಳನ್ನೂ ಗುರುಹಿರಿಯರನ್ನೂ ಸೇವಿಸುವ ಗೃಹಸ್ಥರೂ ಇದ್ದರು. ಅವರಿಗೆ ಗಾಯವೋ ಮರಣವೋ ಪ್ರಿಯರಾದವರ ಅಗಲಿಕೆಯೋ ಉಂಟಾಯಿತು. ತಾವು ಸುರಕ್ಷಿತರಾಗಿ ಉಳಿದವರಿಗೂ ಸ್ನೇಹಿತರಿಗೂ ಬಂಧುಗಳಿಗೂ ಬಂದ ಕೇಡೇ ತಮ್ಮ ಕೇಡಾಯಿತು. ಅಂದು ಕಳಿಂಗದಲ್ಲಿ ನೊಂದವರ ನೂರನೆಯ, ಸಾವಿರನೆಯ ಒಂದು ಪಾಲಿನಷ್ಟು ಜನರಿಗೆ ಈಗ ಅಂತಹ ಕಷ್ಟ ಬಂದರೂ ತನಗೆ ಅದು ಸಹಿಸಲಾಗದ ಭಾರವೆಂದು ಅವನು ತಿಳಿಸುವನು. ಗೆದ್ದ ಅರಸನು ಸೋತವರ ಮನೆಗಳ ಒಳಗಣ ದುಃಖವನ್ನು ಹೀಗೆ ವಿಂಗಡಿಸಿ ನೋಡಿದುದು ಪ್ರಾಚೀನರಾಜರ ಬರೆಹಗಳಲ್ಲಿ ಬಹಳ ಅಪೂರ್ವವಾದುದು. ಆದರೆ ಕಳಿಂಗದ ರಾಜನ ಹೆಸರು ಈ ಶಾಸನದಲ್ಲಿಲ್ಲ. ಸತ್ತ ಲಕ್ಷ ಜನರಲ್ಲಿ ಒಬ್ಬರ ಹೆಸರೂ ಇಲ್ಲ.

ಈ ಮನಃಪರಿವರ್ತನೆಯು ರಣರಂಗದಲ್ಲಿ ಥಟ್ಟನೆ ಆಯಿತೆಂದು ಶಾಸನಗಳು ಹೇಳುವುದಿಲ್ಲ. ಇದಕ್ಕೆ ಸಾಕ್ಷಿಯು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬಂಡೆಗಳಲ್ಲಿ ದೊರೆಯುತ್ತದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಎಂಬ ಮೂರೆಡೆಗಳಲ್ಲಿ ಬಿ. ಎಲ್. ರೈಸ್ ಮಹಾಶಯರು 1892ರಲ್ಲಿ ಕಂಡುಹಿಡಿದ ಲಘುಶಾಸನದಲ್ಲಿ ಅಶೋಕನು ತನ್ನ ವಿಷಯವಾಗಿ ಹೇಳಿಕೊಂಡಿರುವ ಮಾತಿನ ಸಾರಾಂಶವಿದು: ತಾನು ಉಪಾಸಕನಾಗಿ ಎರಡೂವರೆ ವರ್ಷಗಳಿಗಿಂತ ಹೆಚ್ಚು ಕಾಲವಾಯಿತು, ಆದರೆ ಮೊದಲನೆಯ ಒಂದು ವರ್ಷ ತಾನು ಹೆಚ್ಚಿನ ಪ್ರಯತ್ನವನ್ನು ಮಾಡಲಿಲ್ಲ, ಸಂಘದ ಸಾಮೀಪ್ಯಕ್ಕೆ ಬಂದಮೇಲೆ, ಒಂದು ವರ್ಷಕ್ಕಿಂತ ಹೆಚ್ಚಾಗಿ, ಚೆನ್ನಾಗಿ ಪ್ರಯತ್ನಿಸುತ್ತಿರುವನು. ಚಕ್ರವರ್ತಿಯೊಬ್ಬನು ತನ್ನ ಆಲಸ್ಯದ ಒಂದು ವರ್ಷವನ್ನು ಬಂಡೆಯ ಮೇಲೆ ಕೊರೆಯಿಸಿ ಪ್ರಜೆಗಳಿಗೆ ಓದಿಸಿದ್ದಾನೆ! ಚಲಚ್ಚಿತ್ರದಲ್ಲಿ ಈ ವರ್ಷಕ್ಕೆ ಸ್ಥಳವಿಲ್ಲ. ಸೋಮಾರಿತನವನ್ನು ತೆರೆಯ ಮೇಲೆ ತೋರಿಸಿ ಪ್ರೇಕ್ಷಕರನ್ನು ಅಳಿಸುವುದಾದರೂ ಹೇಗೆ? ಆದರೆ ಮನುಷ್ಯರ ಅನುಭವವನ್ನು ಬಲ್ಲವರಿಗೆ ಈ ವರ್ಷವೇ ಸತ್ಯದ ಗುರುತಾಗಿ ತೋರುವುದು. ದುಃಖವು ಒಂದು ದಿನದಲ್ಲಿ ಉಕ್ಕೀತು. ಸ್ವಭಾವವು ಒಂದು ದಿನದಲ್ಲಿ ಬದಲಾಗಲಾರದು.

ಬದಲಾವಣೆಯು ಬಂದಾಗ ಅದು ಮೊದಲು ಸಣ್ಣ ಸಣ್ಣ ವಿಷಯಗಳಲ್ಲಿ ಕಾಣಿಸಿಕೊಂಡಿತು. ಅರಮನೆಯ ಅಡಿಗೆಗಾಗಿ ಹಿಂದೆ ದಿನವೊಂದಕ್ಕೆ ಲಕ್ಷಗಟ್ಟಲೆ ಪ್ರಾಣಿಗಳನ್ನು ಕೊಲ್ಲುತ್ತಿದ್ದರೆಂದೂ, ಈಗ ಎರಡು ನವಿಲು ಒಂದು ಜಿಂಕೆ ಮಾತ್ರವೆಂದೂ, ಆ ಜಿಂಕೆಯೂ ತಪ್ಪದೆ ಇರುವುದಿಲ್ಲವೆಂದೂ ಮೊದಲನೆಯ ಶಾಸನವು ಹೇಳುತ್ತದೆ. ಹೀಗೆ ಇನ್ನೂ ಬಿಡದಿರುವುದನ್ನೂ ಮರೆಮಾಡದೆ ಹೇಳುವುದು ಈ ಅರಸನ ರೀತಿ. ಬೇಟೆಯ ವಿಹಾರಯಾತ್ರೆಗಳು ನಿಂತು ಧರ್ಮಯಾತ್ರೆಗಳು ಮೊದಲಾದವು; ಪಟ್ಟಾಭಿಷೇಕದ ಹತ್ತನೆಯ ವರ್ಷದಲ್ಲಿ ಅವನು ಸಂಬೋಧಿಗೆ ಹೋಗಿಬಂದನು. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು, ಔಷಧಿಯ ಗಿಡಮೂಲಿಕೆಗಳಿಲ್ಲದ ಕಡೆ ಅವುಗಳನ್ನು ತರಿಸಿ ನೆಡಿಸುವುದು, ದಾರಿಗಳಲ್ಲಿ ಬಾವಿ, ನೆರಳಿಗೆ ಮರ—ಇವು ನಡೆದುವು. ಹದಿಮೂರನೆಯ ವರ್ಷದಲ್ಲಿ ಧರ್ಮಮಹಾಮಾತ್ರರೆಂಬ ಹೊಸ ಅಧಿಕಾರಿಗಳು ನೇಮಕವಾದರು. ಸೆರೆಯಲ್ಲಿರುವವರಲ್ಲಿ ಮಕ್ಕಳೊಂದಿಗರನ್ನೂ ಮುದುಕರನ್ನೂ ಕಂಡು ನೆರವಾಗುವುದು ಅವರ ಕೆಲಸಗಳಲ್ಲಿ ಒಂದಾಗಿದ್ದಿತು. ಎಲ್ಲಕ್ಕಿಂತ ಹೆಚ್ಚಾಗಿ, ಕಳಿಂಗದ ಅನಂತರ ಇನ್ನೊಂದು ದಂಡಯಾತ್ರೆಯ ಸುದ್ದಿಯು ಅವನ ಶಾಸನಗಳಲ್ಲಿ ಎಲ್ಲಿಯೂ ಇಲ್ಲ. ತನ್ನ ಮಕ್ಕಳೂ ಮೊಮ್ಮಕ್ಕಳೂ ಹೊಸ ದೇಶಗಳನ್ನು ಗೆಲ್ಲುವ ಯೋಚನೆಯನ್ನೇ ಮಾಡಬಾರದು, ಧರ್ಮವಿಜಯವೇ ನಿಜವಾದ ವಿಜಯವೆಂದು ತಿಳಿಯಬೇಕು ಎಂಬುದಕ್ಕಾಗಿಯೇ ಹದಿಮೂರನೆಯ ಶಾಸನವನ್ನು ಬರೆಸಿದನೆಂದು ಅವನೇ ಹೇಳಿರುವನು.

ಇಷ್ಟಾದಮೇಲೆ ಈ ಅನುತಾಪವನ್ನು ಅಳೆಯುವ ಕೋಲು ಯಾವುದು? ಧರ್ಮಶಾಸ್ತ್ರಗಳಲ್ಲಿ ಪ್ರಾಯಶ್ಚಿತ್ತದ ವಿಚಾರವು ಬಹಳ ಸೂಕ್ಷ್ಮವಾಗಿ ನಡೆದಿದೆ. ಮನುಸ್ಮೃತಿಯು ಅಶೋಕನಿಗಿಂತ ಈಚಿನದು. ಅವನು ಅದಕ್ಕೆ ಬದ್ಧನೂ ಅಲ್ಲ. ಆದರೂ ಅದರ ಹನ್ನೊಂದನೆಯ ಅಧ್ಯಾಯದಲ್ಲಿ ಪಾಪವು ಕಳೆಯುವ ದಾರಿಗಳೆಂದು ಎಣಿಸಿರುವವು ಯಾವ ಕಾಲಕ್ಕೂ ಮನಸ್ಸಿಗೆ ಒಪ್ಪುವಂಥವು. ಮಾಡಿದುದನ್ನು ಬಾಯಿಬಿಟ್ಟು ಹೇಳುವ ಖ್ಯಾಪನ, ಒಳಗಿನ ಅನುತಾಪ, ತಪಸ್ಸು, ಅಧ್ಯಯನ, ಅವು ಸಾಗದೆಡೆಯಲ್ಲಿ ದಾನ. ಇವುಗಳ ಜೊತೆಗೆ ಮತ್ತೆ ಹಾಗೆ ಮಾಡೆನೆಂಬ ನಿವೃತ್ತಿ. ಕಳ್ಳತನದ ಪ್ರಾಯಶ್ಚಿತ್ತದಲ್ಲಿ ಇನ್ನೂ ಒಂದು ಕಟ್ಟಳೆಯುಂಟು: ಪರರ ಮನೆಯಿಂದ ತಂದ ವಸ್ತುವು ಅಲ್ಪವಾದುದೇ ಆಗಲಿ, ಅದನ್ನು ಒಡೆಯನಿಗೆ ಹಿಂದಿರುಗಿಸಿಯೇ ವ್ರತವನ್ನು ಆಚರಿಸಬೇಕು. ಕ್ಷತ್ರಿಯನ ವಿಜಯವನ್ನು ಶಾಸ್ತ್ರಕಾರರು ಕಳ್ಳತನವೆಂದು ಎಣಿಸಿದವರಲ್ಲ. ಗೆದ್ದ ರಾಜನಿಗೆ ಪ್ರಾಯಶ್ಚಿತ್ತದ ಮಾತೇ ಇಲ್ಲ. ಆದರೆ ಅಶೋಕನು ತನ್ನ ಗೆಲುವನ್ನು ತಾನೇ ತಪ್ಪೆಂದು ಒಪ್ಪಿಕೊಂಡನಾದುದರಿಂದ, ಅವನ ಪ್ರಾಯಶ್ಚಿತ್ತವನ್ನು ಈ ಕೋಲಿನಿಂದ ಅಳೆಯುವುದು ಅನ್ಯಾಯವಾಗಲಾರದು.

ಅನುತಾಪವೂ ದಾನವೂ ನಿವೃತ್ತಿಯೂ ಇದ್ದುವೆಂಬಲ್ಲಿ ಸಂದೇಹವಿಲ್ಲ. ಖ್ಯಾಪನದ ವಿಷಯದಲ್ಲಿ ಒಂದು ವಿಲಕ್ಷಣವಾದ ಸಂಗತಿಯಿದೆ. ಹದಿಮೂರನೆಯ ಶಾಸನವು ವಾಯವ್ಯದಲ್ಲಿ ಶಾಹಬಾಜ್‌ಗಢಿ ಮಾನ್ಸೆಹ್ರಾಗಳ ಬಂಡೆಗಳ ಮೇಲೆ ಖರೋಷ್ಠೀ ಲಿಪಿಯಲ್ಲಿದೆ, ಹಿಮಾಲಯದ ಬುಡದ ಕಾಲ್ಸಿಯಲ್ಲಿದೆ, ಸೌರಾಷ್ಟ್ರದ ಗಿರ್ನಾರಿನಲ್ಲಿದೆ, ಆಂಧ್ರದ ಎರ್ರಗುಡಿಯಲ್ಲಿದೆ, ಅದರ ಮೊದಲ ಭಾಗವು ಕಂದಹಾರದಲ್ಲಿ ಗ್ರೀಕ್ ಭಾಷೆಯಲ್ಲಿಯೂ ದೊರೆತಿದೆ. ಕಳಿಂಗದ ಹೆಸರನ್ನೇ ಕೇಳದ ಯವನರಿಗೂ ಅವನು ತನ್ನ ತಪ್ಪನ್ನು ಅವರ ಭಾಷೆಯಲ್ಲಿ ತಿಳಿಸಿದನು. ಆದರೆ ಕಳಿಂಗದಲ್ಲಿಯೇ ಇರುವ ಎರಡು ಬಂಡೆಗಳ ಮೇಲೆ, ಭುವನೇಶ್ವರದ ಸಮೀಪದ ಧೌಲಿಯಲ್ಲಿಯೂ ಗಂಜಾಂ ಜಿಲ್ಲೆಯ ಜೌಗಡದಲ್ಲಿಯೂ, ಉಳಿದ ಶಾಸನಗಳ ಸಾಲಿನಲ್ಲಿ ಹನ್ನೊಂದು ಹನ್ನೆರಡು ಹದಿಮೂರನೆಯವುಗಳನ್ನು ಬಿಟ್ಟುಬಿಡಲಾಗಿದೆ. ಯಾರಿಗೆ ಕೇಡಾಯಿತೋ ಅವರ ಕಣ್ಣಿಗೆ ಆ ಒಪ್ಪಿಗೆಯ ಮಾತು ಬೀಳಲಿಲ್ಲ.

ಅದರ ಬದಲಾಗಿ ಕಳಿಂಗಕ್ಕೆ ದೊರೆತುವು ಎರಡು ವಿಶೇಷ ಶಾಸನಗಳು. ಧೌಲಿಯ ಬಂಡೆಯ ನೆತ್ತಿಯಲ್ಲಿ ಕಲ್ಲಿನಿಂದ ಹೊರಬರುತ್ತಿರುವಂತೆ ಕಡೆದ ಆನೆಯೊಂದರ ಮುಂಭಾಗವಿದೆ. ಅದರ ಕೆಳಗೆ ಈ ಶಾಸನಗಳಿವೆ. ಇವು ಜನರಿಗೆ ನೇರವಾಗಿ ಹೇಳಿದುವಲ್ಲ; ಧೌಲಿಯ ಬರೆಹವು ತೋಸಲಿಯ, ಜೌಗಡದ ಬರೆಹವು ಸಮಾಪೆಯ ಅಧಿಕಾರಿಗಳಿಗೆ ಇತ್ತ ಅಪ್ಪಣೆಗಳು. ಎಲ್ಲ ಮನುಷ್ಯರೂ ತನ್ನ ಮಕ್ಕಳೆಂಬ ಪ್ರಸಿದ್ಧವಾದ ಭಾವವು ಬರುವುದು ಇಲ್ಲಿಯೇ. ಆದರೆ ಆ ಭಾವದ ಮುಂದೆ ಬರುವ ಮಾತುಗಳನ್ನು ಜನರು ಅಷ್ಟಾಗಿ ಗಮನಿಸುವುದಿಲ್ಲ. ನ್ಯಾಯವಿಚಾರಣೆಯಲ್ಲಿ ಯಾವನೋ ಒಬ್ಬನು ಕಾರಣವಿಲ್ಲದೆ ಸೆರೆಗೂ ಹಿಂಸೆಗೂ ಗುರಿಯಾಗುವುದುಂಟು; ಅದನ್ನು ಕಂಡು ಇನ್ನೂ ಬಹು ಜನರು ನೋಯುತ್ತಾರೆ; ಆದುದರಿಂದ ನೀವು ಮಧ್ಯಮಮಾರ್ಗದಲ್ಲಿ ನಡೆಯಬೇಕು ಎಂಬುದು ಅಪ್ಪಣೆಯ ತಿರುಳು. ಅಸೂಯೆ, ಕೋಪ, ನಿಷ್ಠುರತೆ, ಆತುರ, ಅಭ್ಯಾಸವಿಲ್ಲದಿರುವಿಕೆ, ಆಲಸ್ಯ, ದಣಿವು ಎಂಬ ದೋಷಗಳಿಂದ ನ್ಯಾಯವು ಕೆಡುವುದೆಂದು ಅವನು ಎಣಿಸಿ ಹೇಳುವನು. ಅಧಿಕಾರಿಯ ದಣಿವು ಕೂಡ ಬಡವನೊಬ್ಬನನ್ನು ಸೆರೆಗೆ ತಳ್ಳಬಲ್ಲುದೆಂಬುದನ್ನು ತಿಳಿದ ಅರಸನು ಆಡಳಿತವನ್ನು ಹತ್ತಿರದಿಂದ ನೋಡಿದವನೇ ಸರಿ. ತಿಷ್ಯನಕ್ಷತ್ರದ ದಿನ ಇದನ್ನು ಓದಿ ಕೇಳಿಸಬೇಕೆಂದೂ, ಐದು ವರ್ಷಗಳಿಗೊಮ್ಮೆ ಮೃದುಸ್ವಭಾವದ ಅಧಿಕಾರಿಯನ್ನು ಪರೀಕ್ಷೆಗಾಗಿ ಕಳುಹಿಸುವೆನೆಂದೂ ವಿಧಿಸಿರುವನು. ಎರಡನೆಯ ಶಾಸನವು ಗಡಿಯಾಚೆಯ ಜನರ ವಿಷಯ: ಅವರು ತನ್ನನ್ನು ಕಂಡು ಅಂಜಬಾರದು, ತನ್ನಿಂದ ಅವರಿಗೆ ಸುಖವೇ ಹೊರತು ದುಃಖವು ಬಾರದು, ಕ್ಷಮಿಸಬಹುದಾದುದನ್ನು ಕ್ಷಮಿಸುವೆನು ಎಂದು ಅವರಿಗೆ ನಂಬಿಕೆ ಹುಟ್ಟಿಸಬೇಕು ಎಂಬುದು.

ಹದಿಮೂರನೆಯ ಶಾಸನವನ್ನು ಕಳಿಂಗದಲ್ಲಿ ಮರೆಮಾಡಿದುದಕ್ಕೆ ಸಮಾಧಾನಗಳನ್ನು ಹೇಳಬಹುದು. ಹೊಸದಾಗಿ ಗೆದ್ದ ನಾಡಿನಲ್ಲಿ ಸತ್ತವರ ಲೆಕ್ಕವನ್ನು ಬಂಡೆಯ ಮೇಲೆ ಕೊರೆದರೆ ಆರುತ್ತಿರುವ ಗಾಯವನ್ನು ಕೆದಕಿದಂತೆ. ದಂಗೆಗೆ ಬೀಜ ಬಿತ್ತಿದಂತೆ. ಇದು ರಾಜನೀತಿ. ನೊಂದವರಿಗೆ ಬೇಕಾದುದು ಅರಸನ ಕಣ್ಣೀರಲ್ಲ, ಊರಿನ ಅಧಿಕಾರಿಯ ನ್ಯಾಯ. ಗೆಲುವನ್ನು ಹೊಗಳಬಹುದಾದ ಮಕ್ಕಳು ಮೊಮ್ಮಕ್ಕಳಿಗೂ ಪರರಾಜರಿಗೂ ತಪ್ಪೊಪ್ಪಿಗೆ, ನೊಂದವರಿಗೆ ನ್ಯಾಯ—ಹೀಗೆ ಪಾತ್ರಾಪಾತ್ರವನ್ನು ನೋಡಿ ಹಂಚಿದನು ಎಂಬುದು ಇನ್ನೂ ಉದಾರವಾದ ಸಮಾಧಾನ. ಇದರಲ್ಲಿ ತಿರುಳಿಲ್ಲದೆ ಇಲ್ಲ. ಆದರೂ ಮಹಾಭಾರತವನ್ನು ಓದಿದವರಿಗೆ ಇಷ್ಟರಿಂದ ಪೂರ್ಣವಾದ ತೃಪ್ತಿಯಾಗಲಾರದು. ಯುದ್ಧಾನಂತರ ಯುಧಿಷ್ಠಿರನೂ ಅನುತಾಪದಿಂದ ಬೆಂದನು. ಆದರೆ ಅವನು ನೂರು ಮಕ್ಕಳನ್ನು ಕಳೆದುಕೊಂಡ ಗಾಂಧಾರಿಯ ಎದುರಿನಲ್ಲಿ ಹೋಗಿ ನಿಂತನು. ಕಣ್ಣಿಗೆ ಕಟ್ಟಿದ ಬಟ್ಟೆಯ ಅಂಚಿನಿಂದ ಅವಳ ನೋಟವು ಬಿದ್ದು ಅವನ ಕಾಲುಗುರುಗಳು ಕಪ್ಪಾದುವೆಂದು ಸ್ತ್ರೀಪರ್ವವು ಹೇಳುವುದು. ಆ ನೋಟವನ್ನು ಎದುರಿಸುವುದೂ ಪ್ರಾಯಶ್ಚಿತ್ತದ ಒಂದು ಅಂಗವೇ. ಧೌಲಿಯ ಬಂಡೆಯ ಮುಂದೆ ಅಶೋಕನು ಅದನ್ನು ಎದುರಿಸಲಿಲ್ಲ.

ಕೊನೆಯದು ಹಿಂದಿರುಗಿಸುವ ವಿಷಯ. ಕಳಿಂಗವು ಮೌರ್ಯರ ಕೈಯಲ್ಲಿಯೇ ಉಳಿಯಿತು. ಅದನ್ನು ಬಿಟ್ಟುಕೊಡುವ ಮಾತು ಯಾವ ಶಾಸನದಲ್ಲಿಯೂ ಇಲ್ಲ. ನೆಲದ ವಿಷಯವನ್ನು ಬಿಟ್ಟರೂ ಬಿಡಬಹುದು. ಸಾಮ್ರಾಜ್ಯವೊಂದರ ಅಂಗವನ್ನು ಕಳಚಿಕೊಡುವುದು ಅರಸನೊಬ್ಬನ ಇಷ್ಟಕ್ಕೆ ಸೇರಿದುದಲ್ಲವೆಂದು ವಾದಿಸಬಹುದು. ಆದರೆ ಸೆರೆಹಿಡಿದು ಸಾಗಿಸಿದ ಒಂದೂವರೆ ಲಕ್ಷ ಜನರೇನಾದರು? ಅವರನ್ನು ತಿರುಗಿ ಅವರವರ ಊರುಗಳಿಗೆ ಕಳುಹಿಸಿದ ಮಾತು ಯಾವ ಬಂಡೆಯ ಮೇಲೂ ಇಲ್ಲ. ಬಾವಿಗಳನ್ನೂ ಮರಗಳನ್ನೂ ಲೆಕ್ಕವಿಟ್ಟು ಹೇಳಿದ ಅರಸನು ಇಂತಹ ಕೆಲಸವನ್ನು ಮಾಡಿದ್ದರೆ ಹೇಳದೆ ಇರುತ್ತಿರಲಿಲ್ಲ. ಅನುತಾಪವನ್ನು ಹೇಳಿದ ಆ ಹದಿಮೂರನೆಯ ಶಾಸನದಲ್ಲಿಯೇ ಕಾಡಿನ ಜನರಿಗೆ ಒಂದು ಎಚ್ಚರಿಕೆಯ ಮಾತೂ ಉಂಟು: ಅನುತಾಪಗೊಂಡಿದ್ದರೂ ತನಗೆ ಶಕ್ತಿಯಿದೆ, ಅವರು ತಮ್ಮ ನಡತೆಗೆ ನಾಚಿ ಸಾವಿನಿಂದ ತಪ್ಪಿಸಿಕೊಳ್ಳಲಿ ಎಂಬುದು ಅದರ ಭಾವ. ಮರಣದಂಡನೆಯೂ ನಿಲ್ಲಲಿಲ್ಲ, ಪಟ್ಟಾಭಿಷೇಕದ ಇಪ್ಪತ್ತಾರು ವರ್ಷಗಳ ಅನಂತರದ ಸ್ತಂಭಶಾಸನದಲ್ಲಿ ವಧ್ಯರಿಗೆ ಮೂರು ದಿನಗಳ ಅವಕಾಶವನ್ನು ಕೊಟ್ಟಿರುವನು, ಅಷ್ಟೆ. ಅಶೋಕನು ಕತ್ತಿಯನ್ನು ಎಸೆದುಬಿಟ್ಟವನಲ್ಲ; ಒರೆಗೆ ಸೇರಿಸಿ, ಅದು ಅಲ್ಲಿದೆಯೆಂಬುದನ್ನು ಜ್ಞಾಪಕವಿಟ್ಟುಕೊಂಡು ಆಳಿದವನು.

ಕಳಿಂಗಕ್ಕೆಂದು ಬರೆದ ಆ ವಿಶೇಷ ಶಾಸನಗಳು ಕಳಿಂಗದಲ್ಲಿ ಮಾತ್ರವೇ ಇವೆಯೆಂದು ಬಹುಕಾಲ ತಿಳಿಯಲಾಗಿತ್ತು. 1980ರ ದಶಕದಲ್ಲಿ ಕಲಬುರಗಿ ಜಿಲ್ಲೆಯ ಭೀಮಾನದಿಯ ತೀರದಲ್ಲಿರುವ ಸನ್ನತಿಯಲ್ಲಿ, ಕಾಳಿಯ ಗುಡಿಯೊಂದರಲ್ಲಿ, ದೇವಿಯ ಪೀಠವಾಗಿದ್ದ ಚಪ್ಪಡಿಯೊಂದು ಬೆಳಕಿಗೆ ಬಂದಿತು. ಅದರ ಎರಡು ಮುಖಗಳಲ್ಲಿಯೂ ಬ್ರಾಹ್ಮೀ ಅಕ್ಷರಗಳಿದ್ದುವು. ಓದಿ ನೋಡಲಾಗಿ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಾಸನಗಳ ಜೊತೆಗೆ ಕಳಿಂಗದ ಎರಡು ವಿಶೇಷ ಶಾಸನಗಳೇ ಅಲ್ಲಿ ಕಾಣಿಸಿದುವು. ಹದಿಮೂರನೆಯದು ಆ ಚಪ್ಪಡಿಯಲ್ಲಿಯೂ ಇಲ್ಲ. ವಿಗ್ರಹವನ್ನು ನಿಲ್ಲಿಸುವುದಕ್ಕಾಗಿ ಯಾರೋ ಶಿಲ್ಪಿಯು ನಡುವೆ ಒಂದು ರಂಧ್ರವನ್ನು ಕೊರೆದಿದ್ದನು. ಅಷ್ಟು ಅಕ್ಷರಗಳು ಹಾಳಾಗಿದ್ದುವು. ಎಲ್ಲ ಮನುಷ್ಯರೂ ತನ್ನ ಮಕ್ಕಳೆಂದ ಅರಸನ ಮಾತಿನ ಮೇಲೆ ಶತಮಾನಗಳ ಕಾಲ ಕುಂಕುಮವೂ ಎಣ್ಣೆಯೂ ಸುರಿದುವು, ಓದುವವರು ಮಾತ್ರ ಇರಲಿಲ್ಲ. ಸನ್ನತಿಯ ನೆರೆಯ ಕನಗನಹಳ್ಳಿಯ ಹಾಳುಬಿದ್ದ ಸ್ತೂಪದಲ್ಲಿ ರಾಣಿಯೊಡನೆಯೂ ಪರಿಚಾರಕಿಯರೊಡನೆಯೂ ನಿಂತಿರುವ ರಾಜನೊಬ್ಬನ ಉಬ್ಬುಶಿಲ್ಪವು ದೊರೆತಿದೆ. ಅದರ ಮೇಲೆ ರಾಜನು ಅಶೋಕನೆಂದು ಬ್ರಾಹ್ಮಿಯಲ್ಲಿ ಹೆಸರು ಬರೆದಿದೆ. ಅದು ಅಶೋಕನ ಕಾಲಕ್ಕಿಂತ ಈಚಿನ ಕೆಲಸ. ಯುದ್ಧವಿಲ್ಲ, ಕಣ್ಣೀರಿಲ್ಲ, ಭಕ್ತರ ನೆನಪಿನಲ್ಲಿ ಉಳಿದುದು ಶಾಂತನಾಗಿ ನಿಂತ ಒಬ್ಬ ಅರಸನು ಮಾತ್ರ.

ಅಶೋಕನ ಕೊನೆಯ ಶಾಸನಗಳನ್ನು ನೋಡಿದರೆ ಅವನ ನೆನಪಿನಲ್ಲಿಯೂ ಹಾಗೆಯೇ ಆಯಿತೋ ಎನ್ನಿಸುವುದು. ಪಟ್ಟಾಭಿಷೇಕದ ಇಪ್ಪತ್ತೇಳು ವರ್ಷಗಳ ಅನಂತರದ ಏಳನೆಯ ಸ್ತಂಭಶಾಸನದಲ್ಲಿ ಅವನು ತನ್ನ ಆಳ್ವಿಕೆಯನ್ನು ಹಿಂದಿರುಗಿ ನೋಡುವನು. ಆಲದ ಮರಗಳನ್ನು ನೆಡಿಸಿದುದು, ಮಾವಿನ ತೋಪುಗಳನ್ನು ಬೆಳೆಸಿದುದು, ಬಾವಿಗಳನ್ನು ತೋಡಿಸಿದುದು, ಅರವಟ್ಟಿಗೆಗಳನ್ನು ಇಡಿಸಿದುದು ಎಲ್ಲವೂ ಅಲ್ಲಿದೆ. ಕಳಿಂಗದ ಹೆಸರಿಲ್ಲ. ಆದರೆ ಅದೇ ಸ್ತಂಭಗಳ ಮೂರನೆಯ ಶಾಸನದಲ್ಲಿ ಅವನೇ ಹೇಳಿರುವ ಒಂದು ವಿಚಾರವುಂಟು: ಮನುಷ್ಯನು ತಾನು ಮಾಡಿದ ಒಳ್ಳೆಯದನ್ನು ಮಾತ್ರ ಕಾಣುತ್ತಾನೆ, ಕೆಟ್ಟದ್ದನ್ನು ಕಾಣುವುದಿಲ್ಲ, ಅದನ್ನು ಕಾಣುವುದು ಬಹಳ ಕಷ್ಟ. ಈ ಎರಡು ಶಾಸನಗಳನ್ನು ಒಟ್ಟಿಗೆ ಓದಿದವರಿಗೆ, ರೋಗವನ್ನು ಬಲ್ಲ ವೈದ್ಯನೂ ಆ ರೋಗಕ್ಕೆ ಹೊರತಲ್ಲವೆಂದು ತೋರುವುದು ಸಹಜವಾಗಿದೆ.

ಹೀಗೆಂದು ಅಶೋಕನ ಅನುತಾಪವು ಸುಳ್ಳೆಂದು ತೀರ್ಮಾನಿಸಿದರೆ ಅದು ಅವಿವೇಕವಾದೀತು. ಅದು ಅಪೂರ್ಣವಾದುದು; ಸುಳ್ಳಾದುದಲ್ಲ. ಸಿಂಹಳದವರು ಮರೆತರು, ಅವದಾನಕಾರರು ಮರೆತರು, ವೈಯಾಕರಣರು ಅವನ ಬಿರುದನ್ನು ಬೈಗುಳವಾಗಿಸಿದರು. ಕಳಿಂಗದವರ ಕಡೆಯಿಂದಲೂ ಆ ಯುದ್ಧವನ್ನು ವರ್ಣಿಸುವ ಬರೆಹವು ಉಳಿದುಬಂದಿಲ್ಲ. ಮುಂದೆ ಕಳಿಂಗವು ಮತ್ತೆ ತಲೆಯೆತ್ತಿ ಖಾರವೇಲನಂತಹ ರಾಜನನ್ನು ಪಡೆಯಿತು. ಧೌಲಿಗೆ ದೂರವಲ್ಲದ ಉದಯಗಿರಿಯ ಹಾಥಿಗುಂಫಾ ಶಾಸನದಲ್ಲಿ ಅವನು ಹಿಂದೆ ನಂದರಾಜನು ಒಯ್ದಿದ್ದ ಜಿನವಿಗ್ರಹವನ್ನು ಕಳಿಂಗಕ್ಕೆ ಮರಳಿ ತಂದುದನ್ನು ಹೇಳಿಕೊಂಡಿರುವನು. ವಿಗ್ರಹವು ಹಿಂದಿರುಗಿತು, ಮನುಷ್ಯರು ಹಿಂದಿರುಗಿದ ವಾರ್ತೆಯಿಲ್ಲ. ಆ ಒಂದು ಲಕ್ಷ ಜನರು ಸತ್ತರೆಂಬುದೂ ಒಂದೂವರೆ ಲಕ್ಷ ಜನರು ಮನೆಮಠಗಳನ್ನು ಕಳೆದುಕೊಂಡರೆಂಬುದೂ ಲೋಕಕ್ಕೆ ತಿಳಿದಿರುವುದು ಒಬ್ಬನೇ ಸಾಕ್ಷಿಯ ಬಾಯಿಂದ. ಆ ಸಾಕ್ಷಿಯು ಕೊಂದವನೇ. ಗೆದ್ದವನು ಮೌನವಾಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ವಿಜಯವನ್ನು ಹೊಗಳಿಸಿಕೊಂಡಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವನು ಎರಡನ್ನೂ ಮಾಡದೆ ಲೆಕ್ಕವನ್ನು ಕಲ್ಲಿನ ಮೇಲೆ ಬರೆಸಿಟ್ಟನು.

ಬ್ರಹ್ಮಗಿರಿಯ ಬಂಡೆಯಲ್ಲಿ ಅಶೋಕನು ತನ್ನ ಆಲಸ್ಯದ ವರ್ಷವನ್ನು ಹೇಳಿದ ಮೇಲೆ ಇನ್ನೂ ಒಂದು ಮಾತನ್ನು ಸೇರಿಸಿರುವನು: ಇದು ದೊಡ್ಡವರಿಗೆ ಮಾತ್ರ ಸಾಧ್ಯವಾದುದಲ್ಲ, ಪ್ರಯತ್ನಪಟ್ಟರೆ ಚಿಕ್ಕವನೂ ಸ್ವರ್ಗವನ್ನು ಪಡೆಯಬಲ್ಲನು ಎಂದು. ‘ಪ್ರಯತ್ನ’ವೆಂಬುದೇ ಆ ಶಾಸನದ ಮುಖ್ಯವಾದ ಪದ. ಚಲಚ್ಚಿತ್ರದ ತೆರೆಯ ಮೇಲೆ ಕಾಣುವ ಕಣ್ಣೀರು ಪ್ರೇಕ್ಷಕರ ಮನಸ್ಸನ್ನು ತೊಳೆದರೆ ಒಳ್ಳೆಯದೇ. ಆದರೆ ಕಳಿಂಗದ ಹೆಣಗಳಿಗೂ ಅಲ್ಲಿಂದ ಹೊರಟ ಸೆರೆಯಾಳುಗಳಿಗೂ ಗೆದ್ದವನು ತೀರಿಸಬೇಕಾಗಿದ್ದ ಸಾಲವು ಮೂವತ್ತು ವರ್ಷಗಳ ಪ್ರಯತ್ನದಲ್ಲಿಯೂ ಪೂರ್ತಿಯಾಗಿ ತೀರಲಿಲ್ಲವೆಂಬುದನ್ನು ಶಿಲೆಗಳು ತಿಳಿಸುತ್ತಿವೆ. ಮನೆಯಲ್ಲಿ ಮಕ್ಕಳು ಅಶೋಕನ ಕಥೆಯನ್ನು ಕೇಳಿದಾಗ ಹಿರಿಯರು ಗೆಲುವನ್ನು ಹೇಳಲಿ, ಕಣ್ಣೀರನ್ನು ಹೇಳಲಿ. ಹಿಂದಿರುಗದ ಆ ಒಂದೂವರೆ ಲಕ್ಷ ಜನರ ಮಾತನ್ನೂ ಮರೆಯದೆ ಹೇಳಲಿ.